ಮುರಿಯದ ಹೆಡ್‌ಸೆಟ್ ಮತ್ತು ನಮ್ಮ ಮನೆ ಗುಂಪು

ಬೆಳಗ್ಗೆ ಚಿಕ್ಕಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಯಾರೋ ಹೆಡ್‌ಸೆಟ್ಟಿನ ಬ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಚುವ ವಿಡಿಯೊ. ಕೆಳಗೆ ಬರಹ: "ಮಕ್ಕಳ ಕೈಗೆ ಕೊಟ್ಟರೂ ಮುರಿಯದ ಗೇಮಿಂಗ್ ಹೆಡ್‌ಸೆಟ್! 85 ಡೆಸಿಬಲ್ ಮಿತಿ ಇರುವುದರಿಂದ ಕಿವಿಗೆ ನೂರಕ್ಕೆ ನೂರು ಸುರಕ್ಷಿತ. ಬ್ಲೂಟೂತ್ ಮಾತ್ರ ಬೇಡ, ಮೆದುಳಿಗೆ ಅಪಾಯ. ಎಲ್ಲ ತಂದೆ ತಾಯಿಯರಿಗೂ ತಲುಪಿಸಿ."

ಚಿಕ್ಕಮ್ಮ: ನೋಡಿ, ನಾನು ಹೇಳಿದರೆ ಯಾರೂ ಕೇಳಲ್ಲ. ಮೊಮ್ಮಗನ ಹೆಡ್‌ಸೆಟ್ ಮತ್ತೆ ಹಾಳಾಗಿದೆ. ತರುವಾಗಲೇ ಗಟ್ಟಿಯಾದದ್ದು ತರಬೇಕಿತ್ತು.

ತಂದವರು ಅತ್ತಿಗೆ. ಮಾತು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು.

ಭಾವ: ಅತ್ತೆ, ಇದರ ಮೂಲ ಯಾವುದು? ಮೆದುಳಿಗೆ ಅಪಾಯ ಅಂತ ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?

ಚಿಕ್ಕಮ್ಮ: ಅಳಿಯಂದಿರೇ, ಯಾರಿಗಾದರೂ ಉಪಯೋಗ ಆಗಲಿ ಅಂತ ಕಳಿಸಿದೆ.

ಭಾವ: ಉಪಯೋಗ ಆಗಬೇಕಾದರೆ ಮೊದಲು ನಿಜ ಆಗಿರಬೇಕಲ್ವಾ?

ಚಿಕ್ಕಮ್ಮ: ಹೋದ ಸಲವೂ ಹೀಗೇ ಮಾಡಿದಿರಿ. ಫೋನ್ ಚಾರ್ಜಿಗೆ ಹಾಕಿ ಮಲಗುವ ವಿಷಯ ಕಳಿಸಿದ್ದಕ್ಕೆ ಎಲ್ಲರ ಮುಂದೆ ಸುಳ್ಳು ಅಂದಿರಿ. ನಾನು ಮರೆತಿಲ್ಲ.

ದೊಡ್ಡಪ್ಪ: ಮುರಿಯುವುದು ಹೆಡ್‌ಸೆಟ್ಟಿನ ತಪ್ಪಲ್ಲ. ವಸ್ತುವನ್ನು ಜೋಪಾನ ಮಾಡುವುದು ಕಲಿಸದವರ ತಪ್ಪು. ನಾವು ಒಂದು ಪೆನ್ನನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಿದ್ದೆವು. ಈಗ ಮಕ್ಕಳ ಕಿವಿ ಮುಚ್ಚಿ ಕೂರಿಸುತ್ತೀರಿ, ಆಮೇಲೆ ಕರೆದರೆ ಓ ಅನ್ನಲ್ಲ ಅಂತ ದೂರುತ್ತೀರಿ.

ಅತ್ತಿಗೆ: ದೊಡ್ಡ ಮಾವ, ಅವನು ಎಸೆದೂ ಇಲ್ಲ, ಮುರಿದೂ ಇಲ್ಲ. ಎಡಗಿವಿಯಲ್ಲಿ ಶಬ್ದ ಬರುತ್ತಿಲ್ಲ ಅಷ್ಟೆ. ವೈರ್ ಅಲ್ಲಾಡಿಸಿದರೆ ಬರುತ್ತೆ.

ಅಷ್ಟು ಹೊತ್ತಿನಲ್ಲಿ ಬಂದ ಮಾತುಗಳಲ್ಲಿ ಕೆಲಸಕ್ಕೆ ಬರುವಂಥದ್ದು ಇದೊಂದೇ. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಅತ್ತೆಯ ಮಗ ಬಂದ.

ಅತ್ತೆ ಮಗ: ಹೆಡ್‌ಫೋನ್ ಅಂದರೆ ವಾಕ್‌ಮನ್ ಕಾಲದ್ದು! 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಚುಚ್ಚುವ ಕಿಂಡಿ ಎರಡಿದ್ದವು, ಗೊತ್ತಾ? ಇಬ್ಬರು ಒಟ್ಟಿಗೆ ಕೇಳಲಿ ಅಂತ. ಈಗ ಒಬ್ಬೊಬ್ಬರದೂ ಒಂದೊಂದು ಲೋಕ.

ಅಣ್ಣ: ಶುರು ಮಾಡಿದ.

ಅತ್ತೆ ಮಗ: ಶುರು ಮಾಡದೆ? ರಜೆಯಲ್ಲಿ ನನ್ನ ವಾಕ್‌ಮನ್ ಒಯ್ದು, ಹೆಡ್‌ಫೋನ್ ಬ್ಯಾಂಡ್ ಮುರಿದು, ದಾರ ಸುತ್ತಿ ವಾಪಸ್ ಕೊಟ್ಟವರು ಈ ಗುಂಪಿನಲ್ಲೇ ಇದ್ದಾರೆ.

ಅಣ್ಣ: ಅದು ಮೊದಲೇ ಬಿರುಕು ಬಿಟ್ಟಿತ್ತು. ಎಷ್ಟು ಸಲ ಹೇಳಲಿ?

ಅತ್ತೆ ಮಗ: ಈಗ ಮಗನೂ ಅಪ್ಪನ ದಾರಿಯಲ್ಲೇ!

ಚಿಕ್ಕಮ್ಮ: ಮಗುವಿನ ಮಾತಿಗೆ ನನ್ನ ಮಗನನ್ನು ಯಾಕೆ ಎಳೆಯುತ್ತೀಯಪ್ಪ?

ದೊಡ್ಡಪ್ಪ: ಹೀಗೆ ಜಗಳ ಆಡುವುದಾದರೆ ನಾನು ಗುಂಪು ಬಿಡುತ್ತೇನೆ.

ದೊಡ್ಡಪ್ಪ ಹಿಂದೆ ಒಮ್ಮೆ ನಿಜವಾಗಿಯೂ ಬಿಟ್ಟಿದ್ದರು. ಹಾಗಾಗಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಆ ಬಿಡುವಿನಲ್ಲಿ ನಾನು ಬರೆದೆ. ಉದ್ದ ಆಯಿತು, ಆದರೆ ಹುಡುಗನ ಕಿವಿಯ ವಿಷಯ, ಚುಟುಕಾಗಿ ಮುಗಿಸುವಂಥದ್ದಲ್ಲ.

ನಾನು: ಚಿಕ್ಕಮ್ಮ, ಬ್ಲೂಟೂತ್ ಬಿಡಿ. ಅದರ ಅಲೆಗಳ ಶಕ್ತಿ ತೀರಾ ಕಡಿಮೆ, ಆಟಕ್ಕೆ ಅದರ ತೊಂದರೆ ಅಂದರೆ ಶಬ್ದ ತುಸು ತಡವಾಗಿ ಬರುವುದು. ನನಗೆ ಚಿಂತೆ ಆಗಿರುವುದು ಅದೇ ಫಾರ್ವರ್ಡಿನ 85 ಡೆಸಿಬಲ್ ಬಗ್ಗೆ. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಹಲವು ದೇಶಗಳಲ್ಲಿ ಕಾರ್ಖಾನೆಯಲ್ಲಿ ದುಡಿಯುವ ದೊಡ್ಡವರಿಗೆ ದಿನಕ್ಕೆ 8 ಗಂಟೆಗೆ ಹಾಕುವ ಮಿತಿ ಅದು. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವುದು 75 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ದುಪ್ಪಟ್ಟು, ಹಾಗಾಗಿ ಸಮಯ ಅರ್ಧಕ್ಕೆ ಇಳಿಯುತ್ತದೆ. 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5. ಅಂದರೆ ಆ "ಸುರಕ್ಷಿತ" ಹೆಡ್‌ಸೆಟ್ಟಿನಲ್ಲಿ ಪೂರ್ತಿ ಜೋರಾಗಿ ಇಟ್ಟು ಆಡಿದರೆ ವಾರದ ಲೆಕ್ಕ ಒಂದು ಶನಿವಾರ ಭಾನುವಾರದಲ್ಲೇ ಮುಗಿದು ಹೋಗುತ್ತದೆ.

ಭಾವ: ಮೂಲ?

ನಾನು: ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಸೇರಿ 2018ರಲ್ಲಿ ತಂದ ಎಚ್.870 ಮಾನದಂಡ. ಅದರಲ್ಲಿ ದೊಡ್ಡವರಿಗೆ 80, ಮಕ್ಕಳಿಗೆ 75.

ಭಾವ: ಸರಿ. ಇದನ್ನು ಒಪ್ಪುತ್ತೇನೆ.

ಚಿಕ್ಕಮ್ಮ: ಅವನು ಹೇಳಿದರೆ ಒಪ್ಪುತ್ತೀರಿ, ನಾನು ಹೇಳಿದರೆ ಮೂಲ ಬೇಕು.

ಭಾವ: ಅತ್ತೆ, ಅವನಿಗೂ ಮೂಲ ಕೇಳಿದೆನಲ್ಲ!

ಇದೇ ಬೆಳೆದು ಇನ್ನೊಂದಿಷ್ಟು ಹೊತ್ತು ಹೋಯಿತು. ಯಾರು ಯಾರಿಗೆ ಯಾವಾಗ ಮರ್ಯಾದೆ ಕೊಟ್ಟರು, ಕೊಡಲಿಲ್ಲ ಅನ್ನುವ ಲೆಕ್ಕ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಾನು ಅತ್ತಿಗೆಯ ಮಾತಿಗೆ ಹೋದೆ.

ನಾನು: ಅತ್ತಿಗೆ, ವೈರ್ ಅಲ್ಲಾಡಿಸಿದರೆ ಶಬ್ದ ಬರುತ್ತೆ ಅಂದಿರಲ್ಲ, ಹಾಗಾದರೆ ಸ್ಪೀಕರ್ ಚೆನ್ನಾಗಿದೆ. ಒಳಗಿನ ತಾಮ್ರದ ಎಳೆ ತುಂಡಾಗಿದೆ. ಪಿನ್ನಿನ ಬುಡದ ಒಂದು ಫೋಟೊ ಕಳಿಸಿ.

ಫೋಟೊ ಬಂತು. ಪಿನ್ನಿನ ಬುಡದಲ್ಲಿ ರಬ್ಬರ್ ಸೀಳಿ, ಒಳಗಿನ ಬಣ್ಣದ ಎಳೆಗಳು ಕಾಣುತ್ತಿದ್ದವು. ಅಲ್ಲಿಂದ ಒಂದು ಗೇಣು ಮೇಲೆ ವೈರ್ ಚಪ್ಪಟೆಯಾಗಿತ್ತು. ಕುರ್ಚಿಯ ಚಕ್ರ ಅದರ ಮೇಲೆ ಓಡಾಡಿದ ಗುರುತು. ಬ್ಯಾಂಡ್ ಮಾತ್ರ ಹೊಸದರ ಹಾಗೇ ಇತ್ತು. ವಿಡಿಯೊದಲ್ಲಿ ತಿರುಚಿ ತೋರಿಸುವುದು ಆ ಬ್ಯಾಂಡನ್ನೇ. ವೈರಿನ ಬುಡವನ್ನು ಯಾರೂ ಎಳೆದು ತೋರಿಸುವುದಿಲ್ಲ. ಕಿವಿಯ ಮೇಲಿನ ಕೃತಕ ಚರ್ಮ ಬೆವರಿಗೆ ಪುಡಿ ಪುಡಿಯಾಗಿ ಉದುರುವುದನ್ನೂ ತೋರಿಸುವುದಿಲ್ಲ. ಮಕ್ಕಳ ಹೆಡ್‌ಸೆಟ್ ಹೆಚ್ಚಾಗಿ ಹೋಗುವುದು ಇಲ್ಲೇ, ಇಲ್ಲವೇ ಕಿವಿಯ ಬಟ್ಟಲು ತಿರುಗುವ ಪ್ಲಾಸ್ಟಿಕ್ ಕೀಲಿನಲ್ಲಿ.

ನಾನು: ಇದರ ವೈರ್ ಬಿಚ್ಚಿ ಬರುತ್ತಾ?

ಅತ್ತಿಗೆ: ಹೂಂ, ಕಿವಿ ಹತ್ತಿರ ಎಳೆದರೆ ಬರುತ್ತೆ.

ನಾನು: ಹಾಗಾದರೆ ಹೊಸ ಹೆಡ್‌ಸೆಟ್ ಬೇಡವೇ ಬೇಡ. ನೀವು ತಂದದ್ದು ಒಳ್ಳೆಯದೇ. ವೈರ್ ಒಂದನ್ನೇ ತನ್ನಿ. ಎರಡು ವಿಷಯ ನೋಡಿಕೊಳ್ಳಿ. ಆಟದ ಯಂತ್ರಕ್ಕೆ ಚುಚ್ಚುವ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಇದ್ದರೆ ಶಬ್ದ ಬರುತ್ತೆ, ಮೈಕ್ ಕೆಲಸ ಮಾಡಲ್ಲ. ಇನ್ನು ಕಿವಿ ಹತ್ತಿರದ ಕಿಂಡಿ ಕೆಲವು ಹೆಡ್‌ಸೆಟ್‌ಗಳಲ್ಲಿ ಆಳವಾಗಿ, ಇಕ್ಕಟ್ಟಾಗಿ ಇರುತ್ತೆ, ದಪ್ಪ ಬುಡದ ಪಿನ್ ಒಳಗೆ ಹೋಗಲ್ಲ. ಹಳೆಯದನ್ನು ಪಕ್ಕದಲ್ಲಿ ಇಟ್ಟು ಹೋಲಿಸಿ. ವೈರನ್ನು ಮೇಜಿನ ಅಂಚಿಗೆ ಸಡಿಲವಾಗಿ ಸಿಕ್ಕಿಸಿ, ಚಕ್ರಕ್ಕೆ ಸಿಗಬಾರದು.

ಅತ್ತಿಗೆ: ಇಷ್ಟೇನಾ? ನಾನು ಬೆಳಗ್ಗೆಯಿಂದ ಬೈಸಿಕೊಂಡಿದ್ದು ಇದಕ್ಕಾ?

ಚಿಕ್ಕಮ್ಮ: ನಾನು ಯಾರಿಗೂ ಬೈದಿಲ್ಲ.

ಅತ್ತೆ ಮಗ: ದಾರ ಸುತ್ತಿಸಬೇಡಿ, ಅಷ್ಟೇ ನನ್ನ ಸಲಹೆ.

ಆಮೇಲೆ ಅತ್ತಿಗೆಯ ನಂಬರಿನಿಂದ ಒಂದು ದನಿ ಸಂದೇಶ ಬಂತು. ಹುಡುಗನದು. "ನಾನು ಜೋರಾಗಿ ಇಡೋದು ಯಾಕೆ ಅಂದ್ರೆ ಅಜ್ಜಿ ಟಿವಿ ಜೋರಾಗಿ ಇಟ್ಟಿರ್ತಾರೆ. ಆಗ ಗೇಮಲ್ಲಿ ಫ್ರೆಂಡ್ಸ್ ಮಾತಾಡೋದು ಕೇಳಲ್ಲ. ಮತ್ತೆ ಅದು ನಂಗೆ ದೊಡ್ಡದು, ಕಿವಿಯಿಂದ ಜಾರತ್ತೆ."

ಬೆಳಗ್ಗೆಯಿಂದ ಅವನನ್ನು ಕೇಳಬೇಕು ಅಂತ ಯಾರಿಗೂ ತೋಚಿರಲಿಲ್ಲ. ಅವನು ಹೇಳಿದ್ದು ಪೂರ್ತಿ ಸರಿ. ಸುತ್ತಲಿನ ಸದ್ದು ಏರಿದಷ್ಟೂ ಹೆಡ್‌ಸೆಟ್ಟಿನ ಸದ್ದನ್ನೂ ಏರಿಸಬೇಕಾಗುತ್ತದೆ. ಬಟ್ಟಲು ಕಿವಿಗೆ ಕೂರದೆ ಜಾರಿದರೆ ಹೊರಗಿನ ಸದ್ದು ಇನ್ನಷ್ಟು ಒಳಗೆ ಬರುತ್ತದೆ. ಜಾರಿದ್ದು ಬಿದ್ದೂ ಬೀಳುತ್ತದೆ. ಬ್ಯಾಂಡನ್ನು ಪೂರ್ತಿ ಚಿಕ್ಕದು ಮಾಡಿದರೂ ತಲೆಗೆ ಸಡಿಲ ಅನ್ನಿಸಿದರೆ, ಅದು ಎಷ್ಟು ಗಟ್ಟಿ ಇದ್ದರೂ ಆ ಮಗುವಿಗೆ ಸಲ್ಲದು.

ಚಿಕ್ಕಮ್ಮ: ಅಯ್ಯೋ ಕಂದ, ಮೊದಲೇ ಹೇಳಬಾರದಿತ್ತಾ? ನೀನು ಆಡುವಾಗ ಟಿವಿ ಮೆತ್ತಗೆ ಇಡ್ತೀನಿ.

ದೊಡ್ಡಪ್ಪ: ಹಿರಿಯರ ಮೇಲೆ ದೂರು ಹೇಳುವುದು ಸರಿಯಲ್ಲ. ಆದರೆ ಹುಡುಗ ಸತ್ಯ ಹೇಳಿದ್ದಾನೆ.

ಅತ್ತಿಗೆ: ಬ್ಯಾಂಡ್ ನೋಡಿದೆ. ಇನ್ನೂ ಎರಡು ಗೆರೆಯಷ್ಟು ಒಳಗೆ ತಳ್ಳಬಹುದು. ಈಗ ತಳ್ಳಿದೆ, ಕೂರುತ್ತೆ. ವೈರ್ ನಾಳೆ ಬರುತ್ತೆ, ಮೂರು ಗೆರೆಯದು.

ಭಾವ: ಆ ಫಾರ್ವರ್ಡ್ ಬೇರೆ ಗುಂಪುಗಳಿಗೂ ಹೋಗಿದೆಯಾ ಅತ್ತೆ?

ಚಿಕ್ಕಮ್ಮ: ನಾಲ್ಕು ಗುಂಪಿಗೆ ಹಾಕಿದ್ದೆ. 75ರ ಆ ಲೆಕ್ಕವನ್ನು ಚಿಕ್ಕದಾಗಿ ಬರೆದುಕೊಡಿ ಅಳಿಯಂದಿರೇ, ಅಲ್ಲೆಲ್ಲ ಕೆಳಗೇ ಹಾಕ್ತೀನಿ.