ಪದಚರ್ಚೆ: ಬೆಳಕು ತಾಗಿದಾಗ ಕೆಲಸ ಮಾಡುವ ಮದ್ದಿಗೆ ಏನನ್ನೋಣ?

ಗೆಳೆಯರೇ, ವಯಸ್ಸಾದವರ ಕಣ್ಣಿನ ತೊಂದರೆ ಬಗ್ಗೆ ಸರಳವಾಗಿ ಒಂದು ಬರಹ ಮಾಡುತ್ತಿದ್ದೇನೆ. ಫೋಟೋಡೈನಮಿಕ್ ಥೆರಪಿಗೆ, ಅಂದರೆ ಮದ್ದು ಕೊಟ್ಟು ಅದಕ್ಕೆ ಬೆಳಕು ತಾಗಿಸಿ ಮಾಡುವ ಚಿಕಿತ್ಸೆಗೆ, ಕನ್ನಡ ಪದ ಹೊಳೆಯದೆ ನಿಂತಿದ್ದೇನೆ. 'ಬೆಳಕಿನ ಚಿಕಿತ್ಸೆ' ಅಂದರೆ ಕಾಮಾಲೆಯಾದ ಹಸುಗೂಸನ್ನು ನೀಲಿ ದೀಪದಡಿ ಮಲಗಿಸುವುದು ನೆನಪಾಗುತ್ತದೆ. 'ಲೇಸರ್ ಚಿಕಿತ್ಸೆ' ಅಂದರೆ ಸುಡುತ್ತಾರೆ ಅಂದುಕೊಳ್ಳುತ್ತಾರೆ. ಹಳೆಯ ಲೇಸರ್ ನಿಜಕ್ಕೂ ಸುಡುತ್ತಿತ್ತು, ಸುಟ್ಟ ಕಡೆ ನೋಟವೂ ಹೋಗುತ್ತಿತ್ತು. ಇದು ಹಾಗಲ್ಲ.

ವರ್ಟೆಪೋರ್ಫಿನ್ ಎಂಬ ಮದ್ದನ್ನು ಕೈಯ ರಕ್ತನಾಳಕ್ಕೆ 10 ನಿಮಿಷ ನಿಧಾನವಾಗಿ ಹರಿಸುತ್ತಾರೆ. ರೆಟಿನಾದ (ಕಣ್ಣಿನ ಹಿಂಬದಿಯಲ್ಲಿ ನೋಟ ಮೂಡುವ ಪರದೆ) ಕೆಳಗೆ ಬೇಡದೆ ಹುಟ್ಟಿಕೊಂಡ ನಾಳಗಳಲ್ಲಿ ಅದು ಜಾಸ್ತಿ ಸೇರಿಕೊಳ್ಳುತ್ತದೆ. ಹರಿಸಲು ಶುರುಮಾಡಿದ 15 ನಿಮಿಷಕ್ಕೆ 689 ನ್ಯಾನೋಮೀಟರಿನ ಕೆಂಪು ಲೇಸರ್ ಬೆಳಕನ್ನು 83 ಸೆಕೆಂಡ್ ಆ ಜಾಗಕ್ಕಷ್ಟೇ ಬಿಡುತ್ತಾರೆ. ಬೆಳಕು ಮದ್ದನ್ನು ಕೆರಳಿಸುತ್ತದೆ, ಮದ್ದು ಅಲ್ಲಿನ ಆಕ್ಸಿಜನ್ನನ್ನು ಕೆರಳಿಸುತ್ತದೆ, ನಾಳದ ಒಳಗೋಡೆ ಕೆಟ್ಟು ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ.

ಹಾಗಾಗಿ ನನಗೆ 'ಬೆಳಕಿಗೆ ಕೆರಳುವ ಮದ್ದು' ಹಿಡಿಸಿದೆ. 'ಬೆಳಕು-ಸಕ್ರಿಯ ಔಷಧ' ಅಂತ ಸುಮ್ನೆ ಬರೆದುಬಿಡಬಹುದು, ಆದರೆ ಓದಿದವರಿಗೆ ಏನೂ ಹೊಳೆಯುವುದಿಲ್ಲ. 'ಕೆರಳು' ಅಂದರೆ, ಆಮೇಲೆ 5 ದಿನ ಯಾಕೆ ಬಿಸಿಲಿಗೆ ಮೈಯೊಡ್ಡಬಾರದು ಅನ್ನುವುದೂ ಗೊತ್ತಾಗುತ್ತದೆ: ಚರ್ಮದಲ್ಲಿ ಉಳಿದ ಮದ್ದು ಬಿಸಿಲಿಗೂ ಕೆರಳುತ್ತದೆ, ಅಲ್ವಾ? ಗಾಯ ಕೆರಳುವ ಅರ್ಥ ಅಡ್ಡ ಬರಬಹುದೇನೋ, ಹೇಳಿ.

ಇದಕ್ಕಿಂತ ದೊಡ್ಡ ತಲೆನೋವು ಕಾಯಿಲೆಯ ಹೆಸರಿನದು. ವಯಸ್ಸಿನಿಂದ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಕೆಡುವುದರಲ್ಲಿ ಎರಡು ಬಗೆ, 'ಒಣ' ಮತ್ತು 'ಒದ್ದೆ' ಅಂತ ಅನುವಾದ ಮಾಡುತ್ತಾರೆ. ಒಣ ಅಂದರೆ ಕಣ್ಣು ಒಣಗಿ ಉರಿಯುವುದು, ಒದ್ದೆ ಅಂದರೆ ಕಣ್ಣಲ್ಲಿ ನೀರು ಸುರಿಯುವುದು ಅಂತಲೇ ಜನ ತಿಳಿಯುವುದು, ತಪ್ಪು ಅವರದ್ದಲ್ಲ. ಒಂದರಲ್ಲಿ ಮ್ಯಾಕ್ಯುಲಾ ನಿಧಾನವಾಗಿ ಸವೆಯುತ್ತದೆ, ಇನ್ನೊಂದರಲ್ಲಿ ಹೊಸ ನಾಳಗಳು ಸೋರುತ್ತವೆ. 'ಸವೆಯುವ ಬಗೆ', 'ಸೋರುವ ಬಗೆ' ಅಂದರೆ ಸಾಕಲ್ವಾ? ಬೆಳಕಿನ ಮದ್ದು ಸೋರುವುದಕ್ಕೆ ಮಾತ್ರ.

ಅಮೆರಿಕದಲ್ಲಿ 2000ದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಈಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದೇ ಮೊದಲ ಆಯ್ಕೆ. ಆದರೂ ನಾಳಗಳು ಗುಳ್ಳೆಯಂತೆ ಉಬ್ಬುವ ಒಂದು ಬಗೆಗೆ ಬೆಳಕಿನ ಮದ್ದನ್ನು ಇವತ್ತಿಗೂ ಬಳಸುತ್ತಾರೆ, ಮತ್ತು ಆ ಬಗೆ ಏಷ್ಯಾದವರಲ್ಲಿ ಜಾಸ್ತಿ. ಹಾಗಾಗಿ ಪದ ಬೇಕೇ ಬೇಕು. ಕಣ್ಣಾಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ರೋಗಿಗಳಿಗೆ ನೀವು ಏನಂತ ಹೇಳುತ್ತೀರಿ?