ಬೀದರ್, ಯಾದಗಿರಿ, ಜೇವರ್ಗಿ: ನಮ್ಮ ಊರ ಹೆಸರಲ್ಲೇ ಇಂಗ್ಲಿಷ್ ಪದ ಹುಡುಕಿಸಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ಒಬ್ಬ ಅಕ್ಕ ನಿನ್ನೆ ಇಲ್ಲಿ ಕೇಳಿದ್ದರು: ಮಗಳ ಸ್ಪೆಲ್ಲಿಂಗ್ ಸುಧಾರಿಸಬೇಕು, ಕೊಟ್ಟ ಅಕ್ಷರಗಳಿಂದ ಪದ ಹುಡುಕಿಕೊಡುವ ಒಳ್ಳೆ ಆ್ಯಪ್ ಯಾವುದು ಅಂತ. ಅಕ್ಕಾ, ಆ್ಯಪ್ ಬೇಡ. ಒಂದು ಡಬ್ಬಿ ಸ್ಕ್ರ್ಯಾಬಲ್ ಬಿಲ್ಲೆ (ಪದ ಕಟ್ಟುವ ಆಟದ, ಒಂದೊಂದು ಇಂಗ್ಲಿಷ್ ಅಕ್ಷರ ಇರುವ ಬಿಲ್ಲೆ) ಮತ್ತು ನಮ್ಮ ಭಾಗದ ಊರುಗಳ ಹೆಸರು ಸಾಕು. ನಾವೂ ಇಂಗ್ಲೆಂಡಿನಲ್ಲೇ ಇರುವವರು, ಈಗ ಈಸ್ಟರ್ ರಜೆಗೆ ಕಲಬುರಗಿಗೆ ಬಂದಿದ್ದೇವೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ. ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ ಬಿಲ್ಲೆ ಹರಡಿಕೊಂಡು ಕೂತರೆ ಚಹಾದ ಹೊತ್ತಿನವರೆಗೂ ಏಳುವುದಿಲ್ಲ.

ಬೀದರ್‌ನಿಂದ ಶುರು ಮಾಡಿ. ಐದೇ ಅಕ್ಷರ: ಬಿ, ಐ, ಡಿ, ಎ, ಆರ್. ಐದನ್ನೂ ಬಳಸಿ ಎರಡು ಪದ ಬರುತ್ತವೆ ಅಂತಷ್ಟೇ ಹೇಳಿ, ಯಾವುವು ಅಂತ ಹೇಳಬೇಡಿ. ಮಕ್ಕಳು ಮೊದಲು ಸುಮ್ನೆ ಬಿಲ್ಲೆ ಕಲಸುತ್ತಾರೆ. ಆಗ ಒಂದು ದಾರಿ ತೋರಿಸಿ. ಸ್ವರಗಳನ್ನು ಒಂದು ಕಡೆ ಇಡಿಸಿ: ಎ, ಐ. ಉಳಿದವುಗಳಲ್ಲಿ ಯಾವುದರ ಪಕ್ಕ ಯಾವುದು ಕೂರುತ್ತದೆ ಅಂತ ಕೇಳಿ. ಬಿ ಮುಂದೆ ಆರ್ ಕೂರುತ್ತದೆ, ಡಿ ಮುಂದೆಯೂ ಆರ್ ಕೂರುತ್ತದೆ. ನಮ್ಮ ಮಗ ಬಿ-ಆರ್ ಜೋಡಿಸಿ, ಎ-ಐ ಸೇರಿಸಿ, ಕೊನೆಗೆ ಡಿ ಇಟ್ಟ. ಬ್ರೇಡ್, ಅಂದರೆ ಜಡೆ. ಇನ್ನೊಂದು ಸಿಕ್ಕಿದ್ದು ಇಲ್ಲೇ ಶಾಲೆಗೆ ಹೋಗುವ ನನ್ನ ತಂಗಿ ಮಗಳಿಗೆ. ನಾಯಿ ಕಚ್ಚಿದರೆ ರೇಬೀಸ್ ಬರುತ್ತದೆ ಅಂತ ಅವಳಿಗೆ ಗೊತ್ತು. ಆ ದಾರಿ ಹಿಡಿದು ರೇಬಿಡ್‌ಗೆ ಬಂದಳು. ಇಬ್ಬರ ಇಂಗ್ಲಿಷೂ ಬೇರೆ ಬೇರೆ ಕಡೆಯಿಂದ ಬಂದದ್ದು. ಆದರೆ ಐದು ಬಿಲ್ಲೆ ಮುಂದಿಟ್ಟರೆ ಇಬ್ಬರೂ ಸರಿಸಮ. ನನಗೆ ಇದಕ್ಕಿಂತ ಖುಷಿ ಬೇರೆ ಇಲ್ಲ.

ಆ್ಯಪ್ ಇದನ್ನು ಹೇಗೆ ಮಾಡುತ್ತದೆ ಅಂತಲೂ ಮಕ್ಕಳಿಗೆ ಹೇಳಿಕೊಡಿ. ಗುಟ್ಟು ತೀರ ಸರಳ. ಬೀದರ್, ಬ್ರೇಡ್, ರೇಬಿಡ್ ಮೂರರ ಅಕ್ಷರಗಳನ್ನೂ ಎ-ಬಿ-ಸಿ-ಡಿ ಕ್ರಮದಲ್ಲಿ ಜೋಡಿಸಿದರೆ ಮೂರೂ ಒಂದೇ: ಎ, ಬಿ, ಡಿ, ಐ, ಆರ್. ನಿಘಂಟಿನ ಪದಗಳನ್ನೆಲ್ಲ ಹೀಗೆ ಜೋಡಿಸಿಟ್ಟುಕೊಂಡರೆ ಕಂಪ್ಯೂಟರ್‌ಗೆ ತಾಳೆ ನೋಡುವುದಷ್ಟೇ ಕೆಲಸ. ಅದಕ್ಕೇ ಚಿಟಿಕೆ ಹೊಡೆಯುವುದರೊಳಗೆ ಪಟ್ಟಿ ಬೀಳುತ್ತದೆ. ಆದರೆ ಪಟ್ಟಿ ಓದಿದ ಮಗುವಿಗೆ ಬಿ-ಆರ್ ಜೋಡಿ ನೆನಪಿರುವುದಿಲ್ಲ. ಆಟ ಮುಗಿದ ಮೇಲೆ ಏನು ತಪ್ಪಿಹೋಯಿತು ಅಂತ ನೋಡಲು ಮಾತ್ರ ಆ್ಯಪ್ ಇರಲಿ.

ಯಾದಗಿರಿ ಇನ್ನೂ ಚೆಂದ. ರೈಲ್ವೆ ಬೋರ್ಡಿನ ಇಂಗ್ಲಿಷ್ ಪ್ರಕಾರ ವೈ, ಎ, ಡಿ, ಜಿ, ಐ, ಆರ್. ಜಿ ಒಂದನ್ನು ಪಕ್ಕಕ್ಕಿಡಿ. ಉಳಿದ ಐದರಲ್ಲಿ ಡೈರಿಯೂ ಇದೆ, ಡೇರಿಯೂ ಇದೆ. ದಿನಚರಿಗೆ ಐ ಮೊದಲು, ಹಾಲಿಗೆ ಎ ಮೊದಲು. ಈ ಎರಡು ಸ್ಪೆಲ್ಲಿಂಗ್ ಅದಲುಬದಲು ಮಾಡದ ಮಗು ಯಾವುದಿದೆ ಹೇಳಿ? ಎರಡು ಬಿಲ್ಲೆಗಳನ್ನು ಬೆರಳಿಂದ ಆಚೀಚೆ ಸರಿಸಿ ನೋಡಿದ ಮೇಲೆ ನಮ್ಮ ಮಗ ಅದನ್ನು ತಪ್ಪು ಬರೆದಿಲ್ಲ.

ಡಬ್ಲ್ಯೂ ಹಾಕಿ ಬರೆಯುವ ಜೇವರ್ಗಿಯಲ್ಲಿ ಜೆ ತೆಗೆದರೆ ಉಳಿದ ಆರೂ ಅಕ್ಷರ ಸೇರಿ ಇಯರ್‌ವಿಗ್. ಬಾಲದಲ್ಲಿ ಇಕ್ಕಳ ಇರುವ, ಕಲ್ಲಿನ ಕೆಳಗೆ ಸಿಗುವ ಹುಳ. ಇದು ನಮ್ಮ ಮಗನ ಸರದಿ, ಇಂಗ್ಲೆಂಡಿನ ಶಾಲೆಯ ತೋಟದಲ್ಲಿ ನೋಡಿದ್ದ. ಹುಮನಾಬಾದ್‌ನ ಇಂಗ್ಲಿಷ್ ಅಕ್ಷರ ಎಂಟು. ಹ್ಯೂಮನ್ ಮತ್ತು ಬ್ಯಾಡ್, ಎರಡೇ ಪದಕ್ಕೆ ಎಂಟೂ ಖರ್ಚಾಗುತ್ತವೆ. ಶಹಾಪುರದಲ್ಲಿ ಎಸ್-ಎಚ್ ಜೋಡಿ ಹಿಡಿಯಲು ಕಲಿಸಿ: ಶಾರ್ಪ್, ಹಾರ್ಶ್, ರಶ್, ಪುಶ್.

ಐದೇ ಅಕ್ಷರದ ಸೇಡಂ ಕೊಡುವಷ್ಟು ಪದವನ್ನು ದೊಡ್ಡ ದೊಡ್ಡ ಹೆಸರುಗಳೂ ಕೊಡುವುದಿಲ್ಲ. ಮೇಡ್, ಸೇಮ್, ಸೀಮ್, ಐದೂ ಬಳಸಿದರೆ ಡೇಮ್ಸ್. ಕಾರಣ ಅದರಲ್ಲಿರುವ ಇ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯ ಅಕ್ಷರ ಅದೇ. ಸ್ಕ್ರ್ಯಾಬಲ್‌ನ 100 ಬಿಲ್ಲೆಯಲ್ಲಿ ಇ ಒಂದೇ 12 ಇದೆ, ಕೆ ಇರುವುದು ಒಂದೇ. ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿಯೇ ಈ ಲೆಕ್ಕ ಇಟ್ಟದ್ದು. ನಮ್ಮ ಊರ ಹೆಸರುಗಳಲ್ಲಿ ಎ ಜಾಸ್ತಿ, ಇ ಕಡಿಮೆ. ಸೇಡಂ ಬಿಲ್ಲೆ ಇಟ್ಟಾಗ ನಮ್ಮ ಮುತ್ಯಾ ಸುಮ್ಮನೆ ಕೂರಲಿಲ್ಲ. "ತಮ್ಮಾ, ಸೇಡಂ ಅಂದ್ರ ಬರೇ ಸಿಮೆಂಟ್ ಫ್ಯಾಕ್ಟರಿ ಅಲ್ಲ. ಮಳಖೇಡ ಅದೇ ತಾಲೂಕಿನಾಗ ಅದ, ರಾಷ್ಟ್ರಕೂಟರ ರಾಜಧಾನಿ" ಅಂದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಯಾವ ಊರು ಇಡಬೇಕು ಅಂತ ಹೇಳುವವರು ಅವರೇ. ಮೊಮ್ಮಗನ ಇಂಗ್ಲಿಷ್ ಪಾಠದಲ್ಲಿ ಮುತ್ಯಾನಿಗೆ ಜಾಗ ಸಿಗುವುದು ನಮ್ಮಂಥವರ ಮನೆಯಲ್ಲಿ ಸಣ್ಣ ವಿಷಯ ಅಲ್ಲ.

ಇನ್ನು ನಮ್ಮ ಊರು. ಹಳೆಯ ಗುಲ್ಬರ್ಗಾ ಎಂಟಕ್ಷರ, ಆದರೆ ಕೈಬಿಗಿ: ಗ್ರ್ಯಾಬ್, ಗಾಲಾ, ಗುಲಾಗ್, ಅಂಥವು. 2014ರ ನವೆಂಬರ್ 1ಕ್ಕೆ ಕಲಬುರಗಿ ಅಂತ ಆಯಿತಲ್ಲ, ಆಗ ಒಂದು ಜಿ ಹೋಗಿ ಕೆ, ಐ ಮತ್ತು ಇನ್ನೊಂದು ಎ ಬಂದವು. ಬಲ್ಕ್, ಬಾರ್ಕ್, ರೇಲ್, ಬರಿಯಲ್ ಎಲ್ಲ ಆ ಹೊಸ ಅಕ್ಷರಗಳಿಂದಲೇ. ಎಲ್ಲಕ್ಕಿಂತ ದೊಡ್ಡದು ಬಲ್ಗೇರಿಯಾ! ಎಂಟು ಅಕ್ಷರವೂ ಇವೆ, ಕೆ ಮತ್ತು ಒಂದು ಎ ಮಾತ್ರ ಉಳಿಯುತ್ತವೆ. ಸ್ಕ್ರ್ಯಾಬಲ್ ನಿಯಮದಲ್ಲಿ ದೇಶದ ಹೆಸರು ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ನಡೆಯುತ್ತದೆ, ಆದರೆ ನಕಾಶೆಯಲ್ಲಿ ಅದನ್ನು ತೋರಿಸಬೇಕು.

ಬಿಲ್ಲೆ ಇಲ್ಲದಾಗ ಗಾಡಿ ನಂಬರ್ ನೋಡಿ. ಇಂಗ್ಲೆಂಡಿನ ಈಗಿನ ಪ್ಲೇಟಿನಲ್ಲಿ ಕೊನೆಗೆ ಮೂರು ಅಕ್ಷರ ಇರುತ್ತವೆ, ಆ ಮೂರೂ ಬರುವ ಪದ ಹೇಳಬೇಕು. ಇಲ್ಲಿ ಕೆಎ 32 ಕಲಬುರಗಿ, 33 ಯಾದಗಿರಿ, 38 ಬೀದರ್. ಕೆ, ಎ ಮುಂದೆ ಇ, ಎಂ ಬಂದರೆ ಮೇಕ್, ರಿಮಾರ್ಕ್, ಮಿಸ್ಟೇಕ್. ಆಟೋದಲ್ಲಿ ಸೂಪರ್ ಮಾರ್ಕೆಟ್ ಕಡೆ ಹೋಗುವಾಗ ಮಕ್ಕಳು ಫೋನ್ ಕೇಳಲೇ ಇಲ್ಲ.

ಅಕ್ಕಾ, ಇವತ್ತೇ ಚಿಂಚೋಳಿ ಇಟ್ಟು ನೋಡಿ. ಸಿ-ಎಚ್ ಜೋಡಿ ಎರಡು ಸಲ ಬರುತ್ತದೆ, ಇಂಚ್ ಅಂತೂ ಹೆಸರಿನ ನಡುವೆ ಹಾಗೇ ಕೂತಿದೆ. ಕ್ಲಿಂಚ್ ಸಿಕ್ಕರೆ ಮಗಳಿಗೆ ನಮ್ಮ ಕಡೆಯಿಂದ ಶಭಾಷ್ ಹೇಳಿ. ಆಳಂದ, ಭಾಲ್ಕಿ, ಸುರಪುರದವರು ಇದ್ದರೆ ನಿಮ್ಮ ಊರಿನ ಪದಗಳನ್ನು ಕೆಳಗೆ ಹಾಕಿ, ಮುತ್ಯಾ ಕೇಳುತ್ತಿದ್ದಾರೆ.