ಈಜುಕೊಳದ ನೀಲಿ ಬಣ್ಣ ಒಂದೇ ವರ್ಷಕ್ಕೆ ಪುಡಿಯಾಗಿ ಕೈಗೆ ಹತ್ತತೈತಿ, ಏನ್ ಮಾಡ್ಲಿ?

ಗಂಗಾವತಿ_ಈಜು:
ನಮಸ್ಕಾರ ರೀ. ಗಂಗಾವತಿ ಹತ್ರ ನಮ್ಮದೊಂದು ಸಣ್ಣ ಈಜುಕೊಳ ಐತಿ. 15 ಮೀಟರ್ ಉದ್ದ, 8 ಮೀಟರ್ ಅಗಲ, ನೀರು ಸುಮಾರು 1.44 ಲಕ್ಷ ಲೀಟರ್. ಬ್ಯಾಸಿಗ್ಯಾಗ ಹುಡುಗರಿಗೆ ಈಜು ಕಲಸ್ತೀವಿ. ಹೋದ ವರ್ಷ ಎಪಾಕ್ಸಿ ಬಣ್ಣ ಎರಡು ಕೋಟ್ ಹೊಡಿಸಿದ್ವಿ. ಈಗ ಗ್ವಾಡಿ ಮುಟ್ಟಿದ್ರ ಅಂಗೈಗೆ ನೀಲಿ ಪುಡಿ ಬರತೈತಿ. ಹುಡುಗರ ಅಂಗಾಲು, ಚಡ್ಡಿ ಎಲ್ಲಾ ನೀಲಿ. ಮೊನ್ನೆ ಒಬ್ಬ ತಾಯಿ ಮಗನ ಬಿಳಿ ಟವೆಲ್ ತಂದು ತೋರಿಸಿದ್ರು, ನನಗ ಏನ್ ಹೇಳ್ಬೇಕಂತ ತಿಳೀಲಿಲ್ಲ. ಆಳದ ಕಡೆ ರೂಪಾಯಿ ಅಗಲದ ಗುಳ್ಳಿನೂ ಎದ್ದಾವು. ಬಣ್ಣ ಹೊಡೆದವ್ರು ನೀರಿನ ತಪ್ಪು ಅಂತಾರ, ಮಾರಿದವ್ರು ಹೊಡೆದವ್ರ ತಪ್ಪು ಅಂತಾರ. ಮತ್ತೊಂದು ಕೋಟ್ ಹೊಡಿಸಿಬಿಡ್ಲ್ಯಾ?

ಬಳ್ಳಾರಿ_ಪಂಪ್‌ರೂಮ್:
ಬ್ಯಾಡ್ರಿ, ಈಗಲೇ ಬಣ್ಣಕ್ಕೆ ದುಡ್ಡು ಹಾಕಬ್ಯಾಡ್ರಿ. ಮೊದಲು ನೀರಿನ ಲೆಕ್ಕ ಹೇಳ್ರಿ: ಪಿಎಚ್ (ಹುಳಿಯ ಅಳತೆ), ಆಲ್ಕಲಿನಿಟಿ (ಹುಳಿ ತಡೆಯೋ ಶಕ್ತಿ), ಗಡಸುತನ (ಸುಣ್ಣದಂಶ), ಸೈನ್ಯೂರಿಕ್ ಆಸಿಡ್ (ಬಿಸಿಲಿಗೆ ಕ್ಲೋರಿನ್ ಬೇಗ ಹಾರದಂಗ ತಡೆಯೋದು). ನೀರು ಎಲ್ಲಿಂದು? ಕ್ಲೋರಿನ್‌ಗೆ ಏನು ಹಾಕ್ತೀರಿ? ಒಂದೆರಡು ಅಡಿ ನೀರು ಇಳಿಸಿ ಒಂದು ಗುಳ್ಳೆ ಚುಚ್ಚಿ ನೋಡ್ರಿ, ಒಳಗೆ ನೀರಿದೆಯೋ ಇಲ್ಲವೋ ಅಂತ.

ರಾಯಚೂರು_ಬೋರ್‌ವೆಲ್:
ಪುಡಿ ಬಣ್ಣದ್ದೋ ಸುಣ್ಣದ್ದೋ ಅದನ್ನೂ ನೋಡ್ರಿ ಅಣ್ಣಾರ. ನಮ್ಮಲ್ಲಿ ಪೂರ್ತಿ ಬೋರ್ ನೀರು, ಗೋಡೆ ಮೇಲೆ ಬೆಳ್ಳಗೆ ಕೂತಿತ್ತು. ಬಣ್ಣ ಹೋಯ್ತಂತ ಆರು ತಿಂಗಳು ಚಿಂತಿ ಮಾಡಿದೆ, ಅದು ಬರೀ ಸುಣ್ಣದ ಪೊರೆ. ಒಣಗಿದ ಜಾಗಕ್ಕೆ ಎರಡು ಹನಿ ವಿನಿಗರ್ ಬಿಡ್ರಿ. ನೊರೆ ಬಂದ್ರ ಸುಣ್ಣ, ಬರಲಿಲ್ಲಂದ್ರ ಬಣ್ಣ.

ಗಂಗಾವತಿ_ಈಜು:
ನೊರೆ ಬರಲಿಲ್ಲ ರೀ. ಗುಳ್ಳಿ ಒಡದ್ರ ನೀರು ಬಂತು. ಕೊಳದ ಮೂರು ಕಡೆ ಭತ್ತದ ಗದ್ದಿ. ತುಂಬಿಸಿದ್ದು ಕಾಲುವಿ ನೀರು, ಟ್ಯಾಂಕರ್‌ನ್ಯಾಗ ತರಿಸಿದ್ದು. ಕ್ಲೋರಿನ್‌ಗೆ ಟಿಸಿಸಿಎ ಅಂತ ನಿಧಾನಕ್ಕ ಕರಗೋ ಕ್ಲೋರಿನ್ ಮಾತ್ರಿ, ತೇಲೋ ಡಬ್ಬ್ಯಾಗ ಹಾಕ್ತೀವಿ. ಕಿಟ್‌ನ್ಯಾಗ ಪಿಎಚ್ 6.8. ಲ್ಯಾಬ್‌ಗೆ ಕೊಟ್ಟಾಗ ಆಲ್ಕಲಿನಿಟಿ 40, ಗಡಸು 90, ಸೈನ್ಯೂರಿಕ್ 90. ಗಿಡಕ್ಕ ಹಾಕೋ ಬೋರ್ ನೀರೂ ಕೊಟ್ಟಿದ್ದೆ: ಗಡಸು 600, ಆಲ್ಕಲಿನಿಟಿ 350.

ಬಳ್ಳಾರಿ_ಪಂಪ್‌ರೂಮ್:
ಈಗ ಗೊತ್ತಾಯ್ತು. ನಿಮ್ಮಲ್ಲಿ ಎರಡು ಬೇರೆ ಬೇರೆ ರೋಗ ಅದಾವು, ಒಂದೇ ಮದ್ದು ಹುಡುಕಬ್ಯಾಡ್ರಿ.

ಪುಡಿ ನೀರಿಂದು. ಎಪಾಕ್ಸಿ ಬಿಸಿಲಿಗೆ ತಾನಾಗೇ ಸ್ವಲ್ಪ ಪುಡಿ ಬಿಡುತ್ತೆ, ನಮ್ಮ ಕಡೆ ಏಪ್ರಿಲ್ ಬಿಸಿಲು ಹೇಳೋದೇ ಬ್ಯಾಡ. ಆದ್ರ ಒಂದೇ ವರ್ಷಕ್ಕೆ ಟವೆಲ್‌ಗೆ ಹತ್ತೋ ಹಾಗೆ ಆಗಬಾರದು. ಬಣ್ಣದ ಕಣಗಳನ್ನ ಹಿಡಿದಿಟ್ಟಿರೋದು ಅಂಟು. ಆ ಅಂಟು ಸವೆದ್ರ ಕಣ ಸಡಿಲಾಗಿ ಕೈಗೆ ಬರುತ್ತೆ. ಟಿಸಿಸಿಎ ಮಾತ್ರೆ ಕರಗಿದ ನೀರಿನ ಪಿಎಚ್ ಸುಮಾರು 3, ಹುಳಿ. ದಿನಾ ಹಾಕ್ತಾ ಹೋದ್ರೆ ಆಲ್ಕಲಿನಿಟಿ ತಿಂದು ಮುಗಿಸುತ್ತೆ. ಅದರ ಜೊತೆಗೆ, ಕ್ಲೋರಿನ್ 1 ಪಿಪಿಎಂ (ಲೀಟರಿಗೆ ಒಂದು ಮಿಲಿಗ್ರಾಂ) ಏರಿದಾಗೆಲ್ಲ ಸೈನ್ಯೂರಿಕ್ 0.6 ಸೇರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಸೈನ್ಯೂರಿಕ್ ಅಲ್ಲೇ ಉಳಿಯುತ್ತೆ. ನಿಮ್ಮ 90 ಬಂದಿದ್ದು ಹಾಗೆ.

ಪಿಎಚ್ 6.8 ಅಂದ್ರಿ, ಅದನ್ನೂ ನಂಬಬ್ಯಾಡ್ರಿ. ಫೀನಾಲ್ ರೆಡ್ ಹನಿ ಹಾಕಿ ಬಣ್ಣ ನೋಡೋ ಕಿಟ್‌ನಲ್ಲಿ 6.8ಕ್ಕೇ ಹಳದಿ ಮುಗಿಯುತ್ತೆ, 6 ಇದ್ರೂ ಅದೇ ಹಳದಿ. 6.8 ಅಂತಲೇ ಹಿಡಿದ್ರೂ ಲ್ಯಾಂಗೆಲಿಯರ್ ಸೂಚ್ಯಂಕ (ನೀರು ಸುಣ್ಣ ಕರಗಿಸುತ್ತೋ ಕೂರಿಸುತ್ತೋ ಹೇಳೋ ಲೆಕ್ಕ) ಮೈನಸ್ 1ರ ಕೆಳಗೆ ಬರುತ್ತೆ. ಇರಬೇಕಾದ್ದು ಮೈನಸ್ 0.3ರಿಂದ ಪ್ಲಸ್ 0.3ರ ಒಳಗೆ. ಇಂಥ ನೀರಿಗೆ ಸುಣ್ಣದ ಹಸಿವು. ಬಣ್ಣದಲ್ಲಿ ಸೂಜಿಮೊನೆಯಷ್ಟು ತೂತು ಸಿಕ್ಕರೂ ಹಿಂದಿನ ಪ್ಲಾಸ್ಟರ್‌ಗೆ ಬಾಯಿ ಹಾಕುತ್ತೆ.

ಮದ್ದು ನಿಮ್ಮ ಹಿತ್ತಲಲ್ಲೇ ಐತಿ. ಮೂರರಲ್ಲಿ ಒಂದು ಪಾಲು ನೀರು ತೆಗೆದು ಬೋರ್ ನೀರು ತುಂಬಿಸ್ರಿ. ಗಡಸು 260ರ ಹತ್ರ, ಆಲ್ಕಲಿನಿಟಿ 140ರ ಆಸುಪಾಸು ಬರುತ್ತೆ, ಸೈನ್ಯೂರಿಕ್ 60ಕ್ಕೆ ಇಳಿಯುತ್ತೆ. ಬೋರ್ ನೀರಲ್ಲಿ ಕಬ್ಬಿಣ ಇಲ್ಲ ಅಂತ ಮೊದಲು ಖಾತ್ರಿ ಮಾಡ್ಕೊಳ್ರಿ, ಇದ್ರೆ ಕ್ಲೋರಿನ್ ಬಿದ್ದ ಕೂಡ್ಲೇ ನೀರು ಕಂದಾಗುತ್ತೆ. ಆಮೇಲೆ ಪಿಎಚ್ 7.2ರಿಂದ 7.6ರ ನಡುವೆ ನಿಲ್ಲಿಸ್ರಿ. ಮಾತ್ರೆ ಬಿಟ್ಟು ದ್ರವರೂಪದ ಕ್ಲೋರಿನ್, ಅಂದ್ರೆ ಹೈಪೋಕ್ಲೋರೈಟ್‌ಗೆ ಬನ್ರಿ. ಹಳೇ ಮಾತ್ರೆ ಡಬ್ಬಿಯಲ್ಲಿ ಅದನ್ನ ಸುರೀಬ್ಯಾಡ್ರಿ, ಆಸಿಡ್ ಹತ್ರನೂ ಇಡಬ್ಯಾಡ್ರಿ. ವಿಷಗಾಳಿ ಏಳುತ್ತೆ.

ಗುಳ್ಳೆ ಹೆಚ್ಚಾಗಿ ಗದ್ದೆಯಿಂದು. ಗದ್ದೆಯಲ್ಲಿ ನೀರು ನಿಂತಾಗ ನೆಲದೊಳಗಿನ ನೀರು ಏರಿ ಗೋಡೆ ಹಿಂದಿಂದ ಬಣ್ಣವನ್ನ ತಳ್ಳುತ್ತೆ. ಅದಕ್ಕೇ ಆಳದ ಕಡೆ ಮಾತ್ರ. ಗದ್ದೆ ತುಂಬಿದಾಗ ಕೊಳ ಪೂರ್ತಿ ಖಾಲಿ ಮಾಡಲೇಬ್ಯಾಡ್ರಿ, ತಳ ಬಿರುಕು ಬಿಡಬಹುದು.

ಗಂಗಾವತಿ_ಈಜು:
ಮೂರು ವಾರ ಆತು ರೀ. ಕಬ್ಬಿಣ ಇರಲಿಲ್ಲ, ನೀರು ಬದಲಿ ಮಾಡಿದ್ವಿ. ಪಿಎಚ್ 7.4 ನಿಂತೈತಿ. ಗ್ವಾಡಿ ಒಮ್ಮೆ ಬ್ರಷ್ ಹಾಕಿ ಪುಡಿ ಎಳೆದು ತೆಗೆದ್ವಿ. ಮುಟ್ಟಿದ್ರ ಇನ್ನೂ ಸ್ವಲ್ಪ ಹತ್ತತೈತಿ, ಆದ್ರ ಚಡ್ಡಿ ನೀಲಿ ಆಗೋದು ನಿಂತೈತಿ. ಬಣ್ಣ ಯಾವಾಗ ಹೊಡಿಸ್ಲಿ?

ಬಳ್ಳಾರಿ_ಪಂಪ್‌ರೂಮ್:
ಸವೆದ ಬಣ್ಣ ನೀರು ಸರಿ ಮಾಡಿದ್ರೆ ಮತ್ತೆ ಗಟ್ಟಿಯಾಗಲ್ಲ, ಅಷ್ಟು ಹತ್ತೇ ಹತ್ತುತ್ತೆ. ಶಿಬಿರ ಮುಗಿದು, ಗದ್ದೆ ಒಣಗಿ, ಕಾಲುವೆಗೆ ನೀರು ಬಿಡೋದ್ರೊಳಗೆ ಹೊಡಿಸ್ರಿ. ಗುಳ್ಳೆ ಕೆರೆದು, ಪುಡಿ ಪೂರ್ತಿ ಉಜ್ಜಿ ತೊಳೆದು ಒಣಗಿಸಿ, ಆಳದ ಗೋಡೆಗೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡ್ರಿ. ಒಳಗೆ ಬೆವರಿದ್ರೆ ಇನ್ನೂ ಕಾಯ್ರಿ. ಅಂಗೈ ಇಟ್ರೆ ಸುಡೋ ಗೋಡೆಗೆ ಬಣ್ಣ ಬ್ಯಾಡ, ಬೆಳಿಗ್ಗೆ ಬಿಸಿಲೇರೋದ್ರೊಳಗೆ ಮುಗಿಸ್ರಿ. ಕೊನೇ ಕೋಟ್ ಆಗಿ ಏಳು ದಿನ ತುಂಬೋ ತನಕ ನೀರು ಬಿಡಬ್ಯಾಡ್ರಿ, ಯಾರು ಅವಸರ ಮಾಡಿದ್ರೂ ಸರಿ.